ಖಂಡನೆಯೊಳಗಣ ಜನಪದ: ಆದಿಸಭೆ ಹಾಗೂ ಮತಸುಧಾರಣೆಯ ದೈವಶಾಸ್ತ್ರ ಬರಹಗಳ ಒಂದು ಓದು

ಜಾನಪದ ಅಧ್ಯಯನದ ಆಕರಗಳನ್ನು ಕುರಿತು ಚರ್ಚಿಸುವಾಗ ಕ್ಷೇತ್ರಕಾರ್ಯದಿಂದ ದೊರೆತ ಮೌಖಿಕ ಸಾಮಗ್ರಿಯನ್ನು ಮೊದಲ ಸಾಲಿನಲ್ಲಿಯೂ ಶಾಸನ, ಕೈಫಿಯತ್ತು, ಗೆಜೆಟಿಯರುಗಳನ್ನು ಎರಡನೆಯ ಸಾಲಿನಲ್ಲಿಯೂ ಇರಿಸುವುದು ನಮ್ಮಲ್ಲಿ ರೂಢಿ. ಮತಶಾಸ್ತ್ರದ ಗ್ರಂಥಗಳಿಗೆ ಈ ಪಟ್ಟಿಯಲ್ಲಿ ಸ್ಥಾನ ದೊರೆಯುವುದು ಅಪರೂಪ. ಅವು ಶಿಷ್ಟರ ಬರಹಗಳು, ಜನಸಾಮಾನ್ಯರ ಆಚರಣೆಯನ್ನು ಅಲ್ಲಗಳೆಯಲೆಂದೇ ಹುಟ್ಟಿದವು ಎಂಬ ಗ್ರಹಿಕೆ ಇದಕ್ಕೆ ಕಾರಣ. ಕ್ರೈಸ್ತ ಆದಿಸಭೆಯ ಪಿತೃಗಳೆನಿಸಿದವರ ಬರಹಗಳ ವಿಷಯದಲ್ಲಿಯೂ ಹದಿನಾರನೆಯ ಶತಮಾನದ ಮತಸುಧಾರಕರ ಬರಹಗಳ ವಿಷಯದಲ್ಲಿಯೂ ಈ ಗ್ರಹಿಕೆ ಇನ್ನಷ್ಟು ಗಟ್ಟಿಯಾಗಿದೆ. ದೈವಶಾಸ್ತ್ರದ ವಿದ್ಯಾರ್ಥಿಗಳು ಅವುಗಳನ್ನು ಸಿದ್ಧಾಂತಕ್ಕಾಗಿ ಓದುತ್ತಾರೆ. ಚರಿತ್ರಕಾರರು ಸಂಸ್ಥೆಗಳ ಬೆಳವಣಿಗೆಗಾಗಿ ಓದುತ್ತಾರೆ. ಜಾನಪದದವರು ಓದುವುದೇ ಇಲ್ಲ.

ಈ ಎರಡು ಕಾಲದ ಬರಹಗಳನ್ನು ಒಟ್ಟಿಗೆ ಇಟ್ಟು ನೋಡುವುದಕ್ಕೆ ಸಕಾರಣವಿದೆ. ಸುಧಾರಕರು ಆದಿಸಭೆಯನ್ನು ಹೊಸದಾಗಿ ಓದಿದವರು. ರೋಮಿನ ಸಭೆಯ ವಿರುದ್ಧದ ತಮ್ಮ ವಾದಕ್ಕೆ ವೇದಗ್ರಂಥವೊಂದೇ ಪ್ರಮಾಣವೆಂದು ಸಾರಿದರೂ ಪಿತೃಗಳನ್ನು ಅವರು ಸಾಕ್ಷಿಗಳನ್ನಾಗಿ ಕರೆದರು. ಸಾಕ್ಷಿಯಿಂದ ವಕೀಲನು ತನಗೆ ಬೇಕಾದಷ್ಟನ್ನೇ ಹೇಳಿಸುತ್ತಾನೆ. ಹಾಗೆ ಹೇಳಿಸುವಾಗ ಕಳಚಿಹೋದ ಭಾಗಗಳಲ್ಲಿಯೇ ಜನಪದರ ಮಾತುಗಳು, ಆಕ್ಷೇಪಗಳು, ಕತೆಗಳು ಉಳಿದಿದ್ದವು ಎಂಬುದನ್ನು ಕೆಲವು ಪಠ್ಯಗಳ ನಿಕಟ ಓದಿನಿಂದ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಖಂಡನೆಯ ಬರಹವು ಹೊರಗಿನವನೊಬ್ಬನು ಜನಪದವನ್ನು ಕಂಡು ಬರೆದ ವರದಿಯಲ್ಲ. ಬಹುಪಾಲು ಸಂದರ್ಭಗಳಲ್ಲಿ ಅದನ್ನು ಬರೆದವನು ಆ ಆಚರಣೆಯ ಮನೆಯಲ್ಲಿಯೇ ಹುಟ್ಟಿದವನು.

ಅಗಸ್ಟೀನನ ತಾಯಿ ಮೋನಿಕಾಳ ಪ್ರಸಂಗದಿಂದ ಆರಂಭಿಸಬಹುದು. ಸುಮಾರು 397ರಿಂದ 400ರ ಅವಧಿಯಲ್ಲಿ ರಚಿತವಾದ ‘ಕನ್ಫೆಷನ್ಸ್’ ಗ್ರಂಥದ ಆರನೆಯ ಭಾಗದ ಎರಡನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ಮೋನಿಕಾ ಇಂದಿನ ಅಲ್ಜೀರಿಯಾಕ್ಕೆ ಸೇರಿದ ತಗಾಸ್ತೆ ಎಂಬ ಊರಿನವಳು. 385ರಲ್ಲಿ ಮಗನನ್ನು ಅರಸಿಕೊಂಡು ಇಟಲಿಯ ಮಿಲಾನಿಗೆ ಬಂದಳು. ಆಫ್ರಿಕದಲ್ಲಿ ರೂಢಿಯಿದ್ದಂತೆ ಆಕೆ ಅಲ್ಲಿಯೂ ರಕ್ತಸಾಕ್ಷಿಗಳ ಸಮಾಧಿಗಳಿಗೆ ಅಂಬಲಿ, ರೊಟ್ಟಿ, ದ್ರಾಕ್ಷಾರಸಗಳನ್ನು ಒಯ್ದಳು. ಬಾಗಿಲು ಕಾಯುವವನು ತಡೆದನು. ನಿಷೇಧ ಬಿಷಪ್ ಅಂಬ್ರೋಸನದೆಂದು ತಿಳಿದ ಕೂಡಲೇ ಆಕೆ ಮರುಮಾತಾಡದೆ ಬುಟ್ಟಿಯನ್ನು ಬಿಟ್ಟಳು. ಕುಡುಕರಿಗೆ ಅವಕಾಶವಾಗಬಾರದು ಎಂಬುದೊಂದು, ಈ ಆಚರಣೆ ರೋಮನ್ನರ ‘ಪರೆಂತಾಲಿಯ’ಕ್ಕೆ, ಎಂದರೆ ಫೆಬ್ರವರಿ 13ರಿಂದ 21ರವರೆಗೆ ಸತ್ತ ಹಿರಿಯರಿಗೆ ಎಡೆ ಇಡುವ ಹಬ್ಬಕ್ಕೆ, ತೀರ ಹತ್ತಿರವಾಗಿದೆ ಎಂಬುದೊಂದು: ನಿಷೇಧಕ್ಕೆ ಹೀಗೆ ಎರಡು ಕಾರಣಗಳನ್ನು ಮಗನು ನೀಡುತ್ತಾನೆ.

ಸಿದ್ಧಾಂತಕ್ಕಾಗಿ ಓದುವವರು ಇಲ್ಲಿಗೆ ನಿಲ್ಲುತ್ತಾರೆ. ಪಠ್ಯ ನಿಲ್ಲುವುದಿಲ್ಲ. ತಾಯಿ ಎಷ್ಟು ಸಮಾಧಿಗಳಿಗೆ ಹೋದರೂ ಒಂದೇ ಒಂದು ಚಿಕ್ಕ ಬಟ್ಟಲನ್ನು ಒಯ್ಯುತ್ತಿದ್ದಳು, ಅದರಲ್ಲಿನ ದ್ರಾಕ್ಷಾರಸಕ್ಕೆ ಚೆನ್ನಾಗಿ ನೀರು ಬೆರೆಸಿರುತ್ತಿತ್ತು, ಅಲ್ಲಿದ್ದವರೊಡನೆ ಗುಟುಕು ಗುಟುಕಾಗಿ ಅದನ್ನು ಹಂಚಿಕೊಳ್ಳುತ್ತಿದ್ದಳು ಎಂಬ ವಿವರ ಅಲ್ಲಿದೆ. ಇದು ದೂರದಿಂದ ನೋಡಿದವನಿಗೆ ದಕ್ಕುವ ವಿವರವಲ್ಲ. ಆ ಬಟ್ಟಲು ಮನೆಯ ಯಾವ ಗೂಡಿನಲ್ಲಿರುತ್ತಿತ್ತು ಎಂಬುದು ಕೂಡ ಬರೆದವನಿಗೆ ತಿಳಿದಿದ್ದೀತು. ಇದಕ್ಕಿಂತ ಮುಖ್ಯವಾದುದು ಆತನು ಮುಂದೆ ಸೇರಿಸುವ ಮಾತು. ಅಂಬ್ರೋಸನಲ್ಲಿ ಆಕೆಗೆ ಇದ್ದಷ್ಟು ಪ್ರೀತಿ ಇಲ್ಲದ ಬೇರೊಬ್ಬರು ನಿಷೇಧಿಸಿದ್ದರೆ ಆಕೆ ಇಷ್ಟು ಸುಲಭವಾಗಿ ಆ ರೂಢಿಯನ್ನು ಬಿಡುತ್ತಿರಲಿಲ್ಲವೇನೋ ಎಂದು ಮಗನು ಶಂಕಿಸುತ್ತಾನೆ. ಆಚರಣೆಯೊಂದು ಕೊನೆಗೊಂಡದ್ದು ವಾದದಿಂದಲ್ಲ, ಒಂದು ಸಂಬಂಧದ ಬಲದಿಂದ ಎಂಬ ಈ ಒಪ್ಪಿಗೆ ನಿಷೇಧದ ಚರಿತ್ರೆಯನ್ನು ಬರೆಯುವವರಿಗೆ ಅತ್ಯಂತ ಬೆಲೆಯುಳ್ಳ ಸಾಕ್ಷ್ಯ. ಅನಂತರ ಆಕೆ ಬುಟ್ಟಿಯ ಬದಲು ಪ್ರಾರ್ಥನೆ ತುಂಬಿದ ಹೃದಯವನ್ನು ಒಯ್ದಳು, ಕೈಲಾದುದನ್ನು ಬಡವರಿಗೆ ಕೊಟ್ಟಳು. ಅನ್ನ ನಿಂತುಹೋಗಲಿಲ್ಲ, ಸತ್ತವರ ಕಡೆಯಿಂದ ಹಸಿದವರ ಕಡೆಗೆ ತಿರುಗಿತು.

ಈ ತಿರುವು ಮೋನಿಕಾಳೊಬ್ಬಳ ವಿವೇಕವಷ್ಟೇ ಆಗಿರಲಿಲ್ಲ. ಮಗನು ಅದನ್ನೇ ಕಾರ್ಯನೀತಿಯನ್ನಾಗಿ ಮುಂದಿಟ್ಟನು. ಇನ್ನೂ ಬಿಷಪ್ ಆಗದಿದ್ದ ಕಾಲದಲ್ಲಿ, ಸುಮಾರು 392ರಲ್ಲಿ, ಕಾರ್ಥೇಜಿನ ಬಿಷಪ್ ಔರೇಲಿಯಸನಿಗೆ ಬರೆದ ಪತ್ರದಲ್ಲಿ (ಪತ್ರಸಂಗ್ರಹದಲ್ಲಿ 22ನೆಯದು) ಸಮಾಧಿಗಳಲ್ಲಿ ನಡೆಯುವ ಕುಡಿತ, ಔತಣಗಳನ್ನು ಗದರಿಕೆಯಿಂದಲ್ಲ, ಬೋಧನೆಯಿಂದ ಮೆಲ್ಲನೆ ಬಿಡಿಸಬೇಕೆಂದು ಆತನು ಸೂಚಿಸುತ್ತಾನೆ. ಸತ್ತವರ ಹೆಸರಿನಲ್ಲಿ ಅರ್ಪಿಸುವುದು ದುಬಾರಿಯಾಗಿರಬಾರದು, ಕೇಳಿದವರಿಗೆಲ್ಲ ಅದನ್ನು ಹಂಚಬೇಕು, ಹಣ ಕೊಡಬಯಸಿದರೆ ಬಡವರಿಗೆ ಕೊಡಲಿ ಎನ್ನುತ್ತಾನೆ. ಹಾಗಾದಾಗ ತಮ್ಮವರ ಸಮಾಧಿಯನ್ನು ತೊರೆದೆವೆಂಬ ನೋವು ಜನರಿಗೆ ಆಗದು ಎಂಬುದು ಆತನ ಲೆಕ್ಕ. ಆಚರಣೆಯ ಹಿಂದಿನ ನೋವನ್ನು ಇಷ್ಟು ಸೂಕ್ಷ್ಮವಾಗಿ ಗುರುತಿಸಿದವನನ್ನು ಜನಪದ ವಿರೋಧಿ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಕಷ್ಟ.

ಆದರೆ ಕಾರ್ಯರೂಪಕ್ಕೆ ಬಂದಾಗ ಚಿತ್ರ ಬೇರೆಯಾಯಿತು. 395ರಲ್ಲಿ ಗೆಳೆಯ ಅಲಿಪಿಯಸನಿಗೆ ಬರೆದ 29ನೆಯ ಪತ್ರವು ನನ್ನ ದೃಷ್ಟಿಯಲ್ಲಿ ಆದಿಸಭೆಯ ಬರಹಗಳಲ್ಲಿಯೇ ಜಾನಪದ ವಿದ್ವಾಂಸರು ಮೊದಲು ಓದಬೇಕಾದ ಬರಹ. ಹಿಪ್ಪೊ ನಗರದ ಹಿಂದಿನ ಬಿಷಪ್ ಲಿಯೋಂತಿಯಸನ ದಿನದಂದು ಚರ್ಚಿನೊಳಗೆ ಉಂಡು ಕುಡಿದು ನಲಿಯುವ ಹಬ್ಬವೊಂದಿತ್ತು. ಜನರು ಅದನ್ನು ‘ಲೇತಿತಿಯ’, ಅಂದರೆ ಸಂತೋಷ, ಎಂದು ಕರೆಯುತ್ತಿದ್ದರು. ಅದನ್ನು ನಿಲ್ಲಿಸಲು ಅಗಸ್ಟೀನನು ದಿನಗಟ್ಟಲೆ ಪ್ರವಚನ ಮಾಡಿದನು, ವೇದಗ್ರಂಥದ ಭಾಗಗಳನ್ನು ಓದಿದನು, ಕಣ್ಣೀರು ಹಾಕಿದನು. ಜನರೂ ಅತ್ತರು. ಆದರೂ ಮರುದಿನ ಒಂದು ಪ್ರಶ್ನೆ ಎದ್ದಿತು: ಇದನ್ನು ಈಗೇಕೆ ನಿಲ್ಲಿಸಬೇಕು, ಈ ಮೊದಲು ಇದನ್ನು ತಡೆಯದೆ ಇದ್ದವರು ಕ್ರೈಸ್ತರಾಗಿರಲಿಲ್ಲವೇ? ಪ್ರಶ್ನೆ ಕೇಳಿದವರ ಹೆಸರಿಲ್ಲ. ಆದರೆ ಅದು ತರ್ಕಬದ್ಧವಾದ ಪ್ರಶ್ನೆ. ಸಂಪ್ರದಾಯವನ್ನು ಪ್ರಮಾಣವಾಗಿ ಒಪ್ಪುವ ಸಭೆಯ ಎದುರಿನಲ್ಲಿ ಸಂಪ್ರದಾಯವನ್ನೇ ಮುಂದೊಡ್ಡಿದ ಪ್ರಶ್ನೆ. ರೋಮಿನ ಸಂತ ಪೇತ್ರನ ದೇವಾಲಯದಲ್ಲಿಯೇ ದಿನವೂ ಕುಡಿತ ನಡೆಯುತ್ತದಲ್ಲ ಎಂಬ ಉದಾಹರಣೆಯನ್ನೂ ಅವರು ತಂದರು. ಆ ಸ್ಥಳ ಬಿಷಪ್ಪನ ವಾಸಸ್ಥಳದಿಂದ ದೂರವಿರುವುದನ್ನು ಉತ್ತರದ ಒಂದು ಭಾಗವಾಗಿ ಅಗಸ್ಟೀನನು ಹೇಳಬೇಕಾಯಿತು.

ಪ್ರಶ್ನೆಗೆ ಆತನು ನೀಡಿದ ಮುಖ್ಯ ಉತ್ತರ ಇನ್ನೂ ಕುತೂಹಲಕರವಾದುದು. ಹಿಂಸೆಯ ಕಾಲ ಮುಗಿದ ಮೇಲೆ ಗುಂಪು ಗುಂಪಾಗಿ ಜನ ಸಭೆಗೆ ಸೇರಬಯಸಿದರು. ತಮ್ಮ ಹಳೆಯ ದೇವತೆಗಳ ಹಬ್ಬದೂಟವನ್ನು ಬಿಡಲಾರದೆ ಹಿಂದೆಗೆದರು. ಆಗ ಹಿರಿಯರು ರಕ್ತಸಾಕ್ಷಿಗಳ ಗೌರವಾರ್ಥ ಅಂಥದೇ ಹಬ್ಬವನ್ನು ತಾತ್ಕಾಲಿಕವಾಗಿ ಅನುಮತಿಸಿದರು. ಹಬ್ಬಗಳ ರೂಪಾಂತರವನ್ನು ವಿವರಿಸಲು ಇಂದಿಗೂ ಬಳಕೆಯಾಗುವ ವಿವರಣೆ ಇದು. ಆಧುನಿಕ ಜಾನಪದ ಸಿದ್ಧಾಂತದ ಪುಸ್ತಕಗಳಲ್ಲಿ ‘ಅವಶೇಷ’ ಎಂಬ ಹೆಸರಿನಲ್ಲಿ ಬರುವ ವಾದದ ಒಂದು ಹಳೆಯ ರೂಪ. ಇದನ್ನು ಐತಿಹಾಸಿಕ ಸತ್ಯವೆಂದು ನಾವು ನೇರವಾಗಿ ಎತ್ತಿಕೊಳ್ಳುವಂತಿಲ್ಲ. ಇಕ್ಕಟ್ಟಿನ ಗಳಿಗೆಯಲ್ಲಿ, ಜನರ ಪ್ರಶ್ನೆಗೆ ಸಿಕ್ಕಿಬಿದ್ದ ಪ್ರವಚನಕಾರನೊಬ್ಬನು ಕಟ್ಟಿದ ವಿವರಣೆ ಇದು. ಉತ್ತರ ಆಫ್ರಿಕದ ತಿಪಾಸಾದಲ್ಲಿ ಉತ್ಖನನದಿಂದ ದೊರೆತ ಸಮಾಧಿಯ ಊಟದ ಮೇಜುಗಳು ಬೇರೊಂದು ಕತೆಯನ್ನು ಹೇಳುತ್ತವೆ. ಅಲ್ಲಿನ ಒಂದು ಮೇಜಿನ ಬಣ್ಣಗಲ್ಲಿನ ಬರಹವು ಕ್ರಿಸ್ತನ ಹೆಸರಿನಲ್ಲಿ ಆ ಔತಣಕ್ಕೆ ಶಾಂತಿ, ಸಾಮರಸ್ಯಗಳನ್ನು ಕೋರುತ್ತದೆ. ಅಲ್ಲಿ ಉಂಡವರು ತಾವು ಯಾವುದೋ ಹಳೆಯ ಮತದ ಉಳಿಕೆಯನ್ನು ಸಾಗಿಸುತ್ತಿದ್ದೇವೆಂದು ಭಾವಿಸಿರಲಿಲ್ಲ.

ಪತ್ರದ ಕೊನೆಗೆ ಬರುವ ಇನ್ನೊಂದು ವಿವರವನ್ನೂ ಇಲ್ಲಿ ಸೇರಿಸಬೇಕು. ಅಗಸ್ಟೀನನ ಚರ್ಚಿನಲ್ಲಿ ಆ ದಿನ ಕೀರ್ತನೆಗಳು ನಡೆಯುತ್ತಿದ್ದಾಗ ವಿರೋಧಿ ಪಂಗಡವಾದ ದೋನಾತಿಸ್ಟರ ಚರ್ಚಿನಿಂದ ಎಂದಿನಂತೆ ಔತಣದ ಸದ್ದು ಕೇಳಿಬರುತ್ತಿತ್ತು. ಹಬ್ಬವನ್ನು ನಿಲ್ಲಿಸಿದವರಿಗೂ ನಡೆಸಿದವರಿಗೂ ನಡುವಿನ ಅಂತರ ಕಿವಿಗೆ ನಿಲುಕುವಷ್ಟೇ ಇತ್ತು. ಇತ್ತ ಮಾನಿ ಪಂಥದ ಫೌಸ್ತಸನು ಬೇರೊಂದು ಬದಿಯಿಂದ ಚುಚ್ಚುತ್ತಿದ್ದನು: ನೀವು ವಿಗ್ರಹಗಳ ಜಾಗದಲ್ಲಿ ರಕ್ತಸಾಕ್ಷಿಗಳನ್ನು ಕೂರಿಸಿದ್ದೀರಿ, ಸತ್ತವರನ್ನು ಅನ್ನ ಮದ್ಯಗಳಿಂದ ತಣಿಸುತ್ತೀರಿ ಎಂಬುದು ಆತನ ಆರೋಪ. ಆತನಿಗೆ ಅಗಸ್ಟೀನನು ಬರೆದ ಖಂಡನ ಗ್ರಂಥದ ಇಪ್ಪತ್ತನೆಯ ಭಾಗದಲ್ಲಿ ಇದಕ್ಕೆ ಉತ್ತರವಿದೆ. ಹನ್ನೊಂದು ನೂರು ವರ್ಷಗಳ ಅನಂತರ ಸುಧಾರಕರು ರೋಮಿನ ಸಭೆಯ ಮೇಲೆ ಹೊರಿಸಿದ ಆರೋಪವೂ ಮೂಲತಃ ಇದೇ. ತಾವು ಅಗಸ್ಟೀನನ ಪಕ್ಷದವರೆಂದು ತಿಳಿದ ಅವರು ಈ ಒಂದು ವಿಷಯದಲ್ಲಿ ಫೌಸ್ತಸನ ಮಾತನ್ನು ಆಡುತ್ತಿದ್ದರು ಎಂಬುದು ವಿಚಿತ್ರವಾದರೂ ನಿಜ.

ಇಲ್ಲಿಯವರೆಗಿನ ಓದಿನಿಂದ ಬಿಷಪ್ಪರು ಒಂದು ಕಡೆ, ಜನಪದರು ಇನ್ನೊಂದು ಕಡೆ ಎಂಬ ಚಿತ್ರ ಮೂಡಿದ್ದರೆ ಅದನ್ನು ತಿದ್ದಬೇಕು. ಡೇವಿಡ್ ಹ್ಯೂಮನು 1757ರ ‘ಧರ್ಮದ ಸಹಜ ಚರಿತ್ರೆ’ಯಲ್ಲಿ ರೂಪಿಸಿದ ಕಲ್ಪನೆಯೊಂದಿದೆ: ಮೇಲಿನ ಕೆಲವರ ವಿಚಾರಶುದ್ಧ ಧರ್ಮವನ್ನು ಕೆಳಗಿನ ಹಲವರ ಮೌಢ್ಯ ಸದಾ ಒತ್ತುತ್ತಿರುತ್ತದೆ ಎಂಬುದು. ಪೀಟರ್ ಬ್ರೌನ್ ಅವರು 1981ರಲ್ಲಿ ಪ್ರಕಟಿಸಿದ ‘ದ ಕಲ್ಟ್ ಆಫ್ ದ ಸೇಂಟ್ಸ್’ ಕೃತಿಯಲ್ಲಿ ಈ ಎರಡು ಅಂತಸ್ತಿನ ಮಾದರಿಯನ್ನು ಮುರಿದರು. ಸಂತಾರಾಧನೆಯನ್ನು ಮುನ್ನಡೆಸಿದವರು ಬಿಷಪ್ಪರೇ ಎಂದು ಅವರು ತೋರಿಸಿದರು. ಮೋನಿಕಾಳ ಬುಟ್ಟಿಯನ್ನು ತಡೆದ ಅಂಬ್ರೋಸನೇ 386ರಲ್ಲಿ ಗೆರ್ವಾಸಿಯಸ್ ಮತ್ತು ಪ್ರೊತಾಸಿಯಸ್ ಎಂಬ ರಕ್ತಸಾಕ್ಷಿಗಳ ಎಲುಬುಗಳನ್ನು ಅಗೆಸಿ ತೆಗೆಸಿ, ಮೆರವಣಿಗೆಯಲ್ಲಿ ತಂದು, ತನ್ನ ಚರ್ಚಿನ ಬಲಿಪೀಠದ ಕೆಳಗೆ ಸ್ಥಾಪಿಸಿದನು. ಕುರುಡನೊಬ್ಬನು ಅದನ್ನು ಬಟ್ಟೆಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡು ದೃಷ್ಟಿ ಪಡೆದನೆಂಬ ಸುದ್ದಿ ಊರೆಲ್ಲ ಹರಡಿತು. ಹಾಗಾದರೆ ಇಲ್ಲಿನ ವಿವಾದ ಎಲುಬಿನ ಪಾವಿತ್ರ್ಯವನ್ನು ಕುರಿತದ್ದಲ್ಲ. ಆ ಪಾವಿತ್ರ್ಯ ಮನೆಯವರ ಎಡೆಗೆ ಸೇರಿದ್ದೋ ಬಿಷಪ್ಪನ ಬಲಿಪೀಠಕ್ಕೆ ಸೇರಿದ್ದೋ ಎಂಬುದನ್ನು ಕುರಿತದ್ದು. ನಮ್ಮಲ್ಲಿ ಶಿಷ್ಟ-ಜಾನಪದ ಎಂಬ ಜೋಡಿಪದವನ್ನು ಯಾಂತ್ರಿಕವಾಗಿ ಬಳಸುವವರು ಬ್ರೌನ್ ಅವರ ಈ ಪುಸ್ತಕವನ್ನು ಓದುವುದು ಒಳ್ಳೆಯದು. ಹಾಗೆಂದು ಅವರ ವಾದದಲ್ಲಿ ಕೊರತೆ ಇಲ್ಲವೆಂದಲ್ಲ. ಬಿಷಪ್ಪನನ್ನು ನಡುರಂಗಕ್ಕೆ ತಂದಾಗ ಬಟ್ಟಲು ಹಿಡಿದ ಹೆಂಗಸು ಮತ್ತೆ ಬದಿಗೆ ಸರಿಯುತ್ತಾಳೆ. ಆಕೆಯನ್ನೂ ಆಕೆಯಂಥವರು ನೆರೆಯುತ್ತಿದ್ದ ಸಮಾಧಿಭೂಮಿಗಳನ್ನೂ ಮತ್ತೆ ಚರ್ಚೆಗೆ ತಂದದ್ದು ಪ್ರಾಕ್ತನ ಸಾಕ್ಷ್ಯಗಳನ್ನು ಮುಂದಿಟ್ಟ ರಾಮ್ಸೆ ಮ್ಯಾಕ್‌ಮಲ್ಲನ್ ಅವರ 2009ರ ‘ದ ಸೆಕೆಂಡ್ ಚರ್ಚ್’.

ಶಿಷ್ಟ-ಜಾನಪದದ ಗೆರೆ ಅಗಸ್ಟೀನನೊಳಗೇ ಅಳಿಸಿಹೋಗುವುದನ್ನು ‘ದೇವನಗರಿ’ಯ (413-426) ಕೊನೆಯ ಭಾಗದ ಎಂಟನೆಯ ಅಧ್ಯಾಯದಲ್ಲಿ ಕಾಣಬಹುದು. ಸಂತ ಸ್ತೆಫಾನನ ಅವಶೇಷಗಳು ಹಿಪ್ಪೊಗೆ ಬಂದು ಎರಡು ವರ್ಷ ತುಂಬುವುದರೊಳಗೆ ಗುಣಹೊಂದಿದವರ ಹೇಳಿಕೆಗಳು ಸುಮಾರು 70ರಷ್ಟು ಬರಹರೂಪದಲ್ಲಿ ಸಂಗ್ರಹವಾಗಿದ್ದವು ಎಂದು ಆತನು ತಿಳಿಸುತ್ತಾನೆ. ಈ ಹೇಳಿಕೆಗಳಿಗೆ ‘ಲಿಬೆಲ್ಲಿ’ ಎಂದು ಹೆಸರು. ಹೇಳಿದವರನ್ನು ಸಭೆಯ ಮುಂದೆ ನಿಲ್ಲಿಸಿ ಅವುಗಳನ್ನು ಓದಿಸುತ್ತಿದ್ದರು. ತಾಯಿಯ ಶಾಪದಿಂದ ಹತ್ತು ಮಂದಿ ಒಡಹುಟ್ಟಿದವರು ನಡುಕದ ರೋಗಕ್ಕೆ ಒಳಗಾಗಿ ಊರೂರು ಅಲೆದರು. ಅವರಲ್ಲಿ ಪೌಲ ಮತ್ತು ಪಲ್ಲಾದಿಯ ಎಂಬ ಅಣ್ಣತಂಗಿಯರು ಕಪ್ಪದೋಕ್ಯದಿಂದ ಹಿಪ್ಪೊವರೆಗೆ ಬಂದು, ಈಸ್ಟರಿನ ದಿನಗಳಲ್ಲಿ ಒಬ್ಬರ ಹಿಂದೆ ಒಬ್ಬರು ಗುಣಹೊಂದಿದರು. ಹೇಳಿದವರ ಬಾಯಿಂದ ಬಂದದ್ದನ್ನು ಊರು, ಹೆಸರುಗಳ ಸಮೇತ ದಾಖಲಿಸುವ ಈ ಕ್ರಮ ನಮ್ಮ ಕ್ಷೇತ್ರಕಾರ್ಯದ ಟಿಪ್ಪಣಿಗೆ ತೀರ ದೂರದ್ದಲ್ಲ, ಉದ್ದೇಶ ಬೇರೆಯಾದರೂ.

ಅದೇ ಅಧ್ಯಾಯದಲ್ಲಿ ಫ್ಲೊರೆಂತಿಯಸ್ ಎಂಬ ಬಡ ಮುದುಕ ದರ್ಜಿಯ ಕತೆಯಿದೆ. ಆತನ ಮೇಲುಹೊದಿಕೆ ಕಳೆದುಹೋಗಿ, ಬೇರೆ ಕೊಳ್ಳಲು ಹಣವಿಲ್ಲದೆ, ಇಪ್ಪತ್ತು ರಕ್ತಸಾಕ್ಷಿಗಳ ಗುಡಿಗೆ ಹೋಗಿ ಬಟ್ಟೆ ಕೊಡಿರೆಂದು ಗಟ್ಟಿಯಾಗಿ ಬೇಡಿಕೊಂಡನು. ಅಲ್ಲಿದ್ದ ಪಡ್ಡೆ ಹುಡುಗರು ಇವನು ಸಂತರಿಂದ ಕಾಸು ಕೇಳುತ್ತಿದ್ದಾನೆಂದು ಹಿಂದೆ ಬಿದ್ದು ಗೇಲಿಮಾಡಿದರು. ಮಾತಿಲ್ಲದೆ ನಡೆದು ಹೋಗುತ್ತಿದ್ದವನಿಗೆ ಕಡಲದಂಡೆಯಲ್ಲಿ ಏದುಸಿರು ಬಿಡುತ್ತಿದ್ದ ದೊಡ್ಡ ಮೀನೊಂದು ಸಿಕ್ಕಿತು. ಅದನ್ನು ಕಾತೋಸಸ್ ಎಂಬ ಅಡುಗೆಯವನಿಗೆ 300 ನಾಣ್ಯಗಳಿಗೆ ಮಾರಿ, ಹೆಂಡತಿಯಿಂದ ಏನಾದರೂ ನೇಯಿಸಿಕೊಳ್ಳಲು ಉಣ್ಣೆ ಕೊಳ್ಳಬೇಕೆಂದಿದ್ದನು. ಮೀನನ್ನು ಕೊಯ್ದ ಅಡುಗೆಯವನಿಗೆ ಅದರೊಳಗೆ ಚಿನ್ನದ ಉಂಗುರ ಸಿಕ್ಕಿತು. ಇಪ್ಪತ್ತು ಸಂತರು ನಿನಗೆ ಹೇಗೆ ಬಟ್ಟೆ ತೊಡಿಸಿದರು ನೋಡು ಎಂಬರ್ಥದ ಮಾತನ್ನಾಡಿ ಆತನು ಅದನ್ನು ಮುದುಕನಿಗೆ ಕೊಟ್ಟನು.

ಮೀನಿನ ಹೊಟ್ಟೆಯ ಉಂಗುರವೆಂಬ ಆಶಯವನ್ನು ಕನ್ನಡದ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ಹೆರೊಡೋಟಸನು ಹೇಳುವ ಪಾಲಿಕ್ರೆಟಿಸ್ ಅರಸನ ಕತೆಯಲ್ಲಿಯೂ ಕಾಳಿದಾಸನ ಶಾಕುಂತಲದಲ್ಲಿಯೂ ಅದು ಇದೆ. ಅಲ್ಲೆಲ್ಲ ಉಂಗುರ ಅರಸರದು. ಕಳೆದುಕೊಂಡವನಿಗೆ ಅಥವಾ ಕೊಟ್ಟವನಿಗೆ ಅದು ಮರಳುತ್ತದೆ. ಹಿಪ್ಪೊದಲ್ಲಿ ಉಂಗುರ ಯಾರದೆಂದು ಯಾರೂ ಕೇಳುವುದಿಲ್ಲ. ಕಳೆದದ್ದು ಹೊದಿಕೆ, ದೊರೆತದ್ದು ಚಿನ್ನ, ಅದನ್ನು ಕೊಟ್ಟವನು ಅಡುಗೆಯವನು. ಅರಸರ ಕತೆ ದರ್ಜಿಯ ಕತೆಯಾದಾಗ ಆಶಯದ ಜಿಗಿತ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಹಳೆಯ ನಿದರ್ಶನ ನನಗೆ ತಿಳಿದಂತೆ ವಿರಳ. ಅಡುಗೆಯವನ ಹೆಸರು, ಬೆಲೆ, ಹುಡುಗರ ಗೇಲಿ ಇವೆಲ್ಲ ಸ್ಥಳೀಯ ಐತಿಹ್ಯದ ಲಕ್ಷಣಗಳು. ಇದನ್ನು ತನ್ನ ಮಹಾಗ್ರಂಥದೊಳಗೆ ಇಟ್ಟುಕೊಂಡವನು ಲ್ಯಾಟಿನ್ ಕ್ರೈಸ್ತ ದೈವಶಾಸ್ತ್ರದ ಅತಿ ದೊಡ್ಡ ಹೆಸರು.

ಎಲ್ಲ ಖಂಡನೆಗಳೂ ಹೀಗೆ ಫಲವತ್ತಾಗಿರುವುದಿಲ್ಲ ಎಂಬ ಎಚ್ಚರವೂ ಬೇಕು. ಆರನೆಯ ಶತಮಾನದಲ್ಲಿ ಆರ್ಲ್ ನಗರದ ಬಿಷಪ್ ಸೆಸಾರಿಯಸನು (ಮರಣ 542) ಮರ, ಚಿಲುಮೆಗಳಿಗೆ ಹರಕೆ ಹೊರುವುದನ್ನು ಪ್ರವಚನಗಳಲ್ಲಿ ಖಂಡಿಸಿದನು. ಅನಂತರ ಬ್ರಾಗಾದ ಮಾರ್ಟಿನನು ‘ಹಳ್ಳಿಗರ ತಿದ್ದುಪಡಿ’ ಎಂಬರ್ಥದ ತನ್ನ ಕಿರುಕೃತಿಯಲ್ಲಿ ಕಲ್ಲು, ಮರ, ಚಿಲುಮೆ, ಕೂಡುರಸ್ತೆಗಳಲ್ಲಿ ಬತ್ತಿ ಹಚ್ಚುವುದನ್ನೂ ವಾರದ ದಿನಗಳಿಗೆ ದೇವತೆಗಳ ಹೆಸರಿಡುವುದನ್ನೂ ಖಂಡಿಸಿದನು. ಮುಂದಿನ ಶತಮಾನಗಳಲ್ಲಿ ಇಂಥ ಪಟ್ಟಿಗಳು ಒಂದು ದೇಶದಿಂದ ಇನ್ನೊಂದಕ್ಕೆ ನಕಲಾಗುತ್ತ ಹೋದವು. ಆದ್ದರಿಂದ ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಆ ಊರಿನಲ್ಲಿ ಆ ಆಚರಣೆ ಇತ್ತೆಂದು ಹೇಳಲಾಗದು; ಜರ್ಮನಿಯ ಡೀಟರ್ ಹಾರ್ಮೆನಿಂಗ್ ಅವರು 1979ರ ತಮ್ಮ ‘ಸೂಪರ್‌ಸ್ತಿತಿಯೊ’ ಗ್ರಂಥದಲ್ಲಿ ಈ ಅಂಶವನ್ನು ಕಟುವಾಗಿಯೇ ಮಂಡಿಸಿದ್ದಾರೆ. ಪಟ್ಟಿ ಮೌನವಾಗಿರುತ್ತದೆ. ಜಗಳ ಮಾತಾಡುತ್ತದೆ. ಪ್ರತಿವಾದಿಯ ಮಾತನ್ನು ಉದ್ಧರಿಸಲೇಬೇಕಾದ ಬರಹ ಯಾವುದೋ ಅದೇ ನಮಗೆ ಹೆಚ್ಚು ಉಪಯುಕ್ತ. 406ರಲ್ಲಿ ಜೆರೋಮನು ಒಂದೇ ರಾತ್ರಿಯಲ್ಲಿ ಹೇಳಿ ಬರೆಯಿಸಿದೆನೆಂದು ತಿಳಿಸುವ ‘ವಿಜಿಲಾಂಟಿಯಸನ ವಿರುದ್ಧ’ ಅಂಥದೊಂದು ಕೃತಿ. ಅವಶೇಷ ಪೂಜೆಯನ್ನೂ ಹಗಲಿನಲ್ಲಿ ದೀಪ ಹಚ್ಚುವುದನ್ನೂ ವಿರೋಧಿಸಿದ ವಿಜಿಲಾಂಟಿಯಸನ ಬರಹ ಉಳಿದಿಲ್ಲ; ವೈರಿಯ ಪುಟಗಳಲ್ಲಿ ಮಾತ್ರ ಅದರ ತುಣುಕುಗಳಿವೆ. ತಮಾಷೆಯೆಂದರೆ, ಆಚರಣೆಯ ಪರವಾಗಿ ಬೈಗುಳದ ಮಳೆಗರೆದ ಜೆರೋಮನೂ ಹಗಲು ದೀಪದ ವಿಷಯಕ್ಕೆ ಬಂದಾಗ, ಅದನ್ನು ಮಾಡುವವರು ಏನೂ ಅರಿಯದ ಸಾಮಾನ್ಯರು, ಭಕ್ತ ಹೆಂಗಸರು, ಅದರಿಂದ ನಿನಗೇನು ನಷ್ಟ ಎಂದು ದನಿ ತಗ್ಗಿಸುತ್ತಾನೆ.

ಸುಧಾರಕರ ಕೈಗೆ ಈ ಬರಹಗಳು ಬಂದದ್ದು ಅಚ್ಚಿನ ರೂಪದಲ್ಲಿ. ಅಗಸ್ಟೀನನ ಸಮಗ್ರ ಕೃತಿಗಳನ್ನು ಬಾಸೆಲ್ ನಗರದ ಆಮರ್‌ಬಾಖ್ 1506ರಲ್ಲಿ ಅಚ್ಚುಹಾಕಿದನು. ಎರಾಸ್ಮಸನು ಸಂಪಾದಿಸಿದ ಆವೃತ್ತಿ ಅದೇ ನಗರದ ಫ್ರೋಬೆನ್ ಮುದ್ರಣಾಲಯದಿಂದ 1528-29ರಲ್ಲಿ ಹೊರಬಂದಿತು. ಒಂದು ಸಭೆಯ ಮುಂದೆ, ಒಂದು ದಿನದಂದು ಆಡಿದ ಮಾತು ಅಚ್ಚಿನ ಪುಟವಾದಾಗ ಅದರಿಂದ ವಾಕ್ಯಗಳನ್ನು ಕೀಳುವುದು ಸುಲಭವಾಯಿತು. ಜಾನ್ ಕಾಲ್ವಿನನು 1535ರಲ್ಲಿ ಫ್ರಾನ್ಸಿನ ಅರಸನಿಗೆ ಬರೆದು ತನ್ನ ‘ಇನ್‌ಸ್ಟಿಟ್ಯೂಟ್ಸ್’ ಗ್ರಂಥಕ್ಕೆ (1536) ಮುನ್ನುಡಿಯಾಗಿಸಿದ ಪತ್ರದಲ್ಲಿ ಇಂಥ ಕಿತ್ತ ವಾಕ್ಯಗಳ ಸರಣಿಯೇ ಇದೆ. ಚರ್ಚಿನಲ್ಲಿ ಕ್ರಿಸ್ತನ ಅಥವಾ ಸಂತನ ಚಿತ್ರವಿರುವುದು ಹೇಯವೆಂದು ಪಿತೃಗಳಲ್ಲೊಬ್ಬನು ಹೇಳಿದ್ದಾನೆ ಎಂಬುದು ಅವುಗಳಲ್ಲೊಂದು.

ಆ ಪಿತೃ ಸೈಪ್ರಸ್ಸಿನ ಸಲಾಮಿಸ್ಸಿನ ಬಿಷಪ್ ಎಪಿಫೇನಿಯಸ್. ಆತನು 394ರಲ್ಲಿ ಜೆರುಸಲೇಮಿನ ಬಿಷಪ್ ಯೋಹಾನನಿಗೆ ಬರೆದ ಪತ್ರದ ಕೊನೆಯಲ್ಲಿ ಮೂಲ ಪ್ರಸಂಗವಿದೆ. ಜೆರೋಮನ ಲ್ಯಾಟಿನ್ ಅನುವಾದದಲ್ಲಿ ಅದು ಉಳಿದುಬಂದಿದೆ. ಅನಾಬ್ಲಾಥ ಎಂಬ ಹಳ್ಳಿಯಲ್ಲಿ ಹಾದುಹೋಗುವಾಗ ದೀಪ ಉರಿಯುತ್ತಿದ್ದ ಚರ್ಚನ್ನು ಹೊಕ್ಕ ಆತನಿಗೆ ಬಾಗಿಲ ಪರದೆಯ ಮೇಲೆ ಒಂದು ಚಿತ್ರ ಕಂಡಿತು. ಕ್ರಿಸ್ತನದೋ ಸಂತನದೋ, ಯಾರದೆಂದು ಸರಿಯಾಗಿ ನೆನಪಿಲ್ಲ ಎಂದು ಬರೆಯುತ್ತಾನೆ. ಅದನ್ನು ಹರಿದು, ಬಡವನೊಬ್ಬನ ಹೆಣಕ್ಕೆ ಹೊದಿಸಿರೆಂದು ಕಾವಲಿನವರಿಗೆ ಹೇಳಿದನು. ಅವರು ಗೊಣಗಿದರು: ಹರಿಯುವುದಾದರೆ ಬದಲಿಗೆ ಬೇರೆ ಪರದೆ ಕೊಡಬೇಕಾಗಿತ್ತು. ಬಿಷಪ್ಪನು ಒಪ್ಪಿದನು. ಒಳ್ಳೆಯ ಬಟ್ಟೆಗಾಗಿ ಹುಡುಕುತ್ತ ತಡವಾಯಿತು, ಈಗ ಕಳಿಸುತ್ತಿದ್ದೇನೆ ಎಂದು ಪತ್ರದಲ್ಲಿ ತಿಳಿಸುತ್ತಾನೆ. ಕಾಲ್ವಿನನ ಮುನ್ನುಡಿಯಲ್ಲಿ ಉಳಿದದ್ದು ಖಂಡನೆ. ಗೊಣಗಿದ ಕಾವಲಿನವರು, ಮರೆವಿನ ತಪ್ಪೊಪ್ಪಿಗೆ, ಬದಲಿ ಪರದೆ ಉಳಿಯಲಿಲ್ಲ. ಚಿತ್ರವಿರುವ ಪರದೆಯನ್ನು ತೂಗುಹಾಕಿದ ಹಳ್ಳಿಯೂ ಅದನ್ನು ಹರಿದ ಬಿಷಪ್ಪನೂ ಬಟ್ಟೆಯ ಬೆಲೆಯ ಮೇಲೆ ಒಂದು ಒಪ್ಪಂದಕ್ಕೆ ಬಂದರು ಎಂಬುದು ಈ ಪ್ರಸಂಗದ ನಿಜವಾದ ಸಾಮಾಜಿಕ ಚರಿತ್ರೆ.

1543ರಲ್ಲಿ ಫ್ರೆಂಚಿನಲ್ಲಿ ಬರೆದ ‘ಅವಶೇಷಗಳನ್ನು ಕುರಿತ ಪ್ರಬಂಧ’ದ ಆರಂಭದಲ್ಲಿಯೂ ಕಾಲ್ವಿನನು ಅಗಸ್ಟೀನನನ್ನು ಕರೆಯುತ್ತಾನೆ. ಊರೂರಿಗೆ ರಕ್ತಸಾಕ್ಷಿಗಳ ಎಲುಬು ಮಾರುತ್ತ ತಿರುಗುವವರನ್ನು ಕುರಿತು ‘ಸನ್ಯಾಸಿಗಳ ದುಡಿಮೆ’ ಎಂಬರ್ಥದ ಕೃತಿಯಲ್ಲಿ ಅಗಸ್ಟೀನನು ಆಡಿದ ವ್ಯಂಗ್ಯ ಆತನಿಗೆ ಆಧಾರ. ಹಿಪ್ಪೊದ 70 ಹೇಳಿಕೆಗಳು, ದರ್ಜಿ, ಮೀನು ಈ ಸಾಕ್ಷಿಯ ಬಾಯಿಂದ ಬರುವುದಿಲ್ಲ. ಅನಂತರ ಕಾಲ್ವಿನನು ಕಾನೂನು ಓದಿದವನ ಶಿಸ್ತಿನಿಂದ ಯುರೋಪಿನ ಅವಶೇಷಗಳ ಲೆಕ್ಕಕ್ಕೆ ತೊಡಗುತ್ತಾನೆ. ಒಬ್ಬನೇ ಸಂತನ ಎರಡು ಮೂರು ದೇಹಗಳು, ಹಡಗು ತುಂಬುವಷ್ಟು ಶಿಲುಬೆಯ ಮರ. ವ್ಯಂಗ್ಯ ಹರಿತವಾಗಿದೆ, ವಂಚನೆಯೂ ನಿಜವಾಗಿಯೇ ಇತ್ತು. ಆದರೆ ನಮಗೆ ಬೇಕಾದ ಕಾಲ್ವಿನನು ಬೇರೆ ಎರಡು ವಾಕ್ಯಗಳಲ್ಲಿ ಇಣುಕುತ್ತಾನೆ. ಸಂತ ಅನ್ನಳ ಅವಶೇಷಗಳ ಲೆಕ್ಕ ಹೇಳುವಾಗ, ನ್ವಾಯೋನ್ ಬಳಿಯ ಊರ್ಸ್‌ಕಾಂ ಮಠದಲ್ಲಿ ಅವುಗಳಲ್ಲೊಂದನ್ನು ತಾನೇ ಮುತ್ತಿಟ್ಟ ನೆನಪಿದೆ ಎನ್ನುತ್ತಾನೆ. ಇನ್ನೊಂದು ಕಡೆ, ಬಾಲ್ಯದಲ್ಲಿ ತನ್ನ ಊರಿನ ಚರ್ಚಿನಲ್ಲಿ ಕಂಡದ್ದನ್ನು ಬರೆಯುತ್ತಾನೆ. ಸಂತ ಸ್ತೆಫಾನನ ಹಬ್ಬದಂದು ಸಂತನ ಮೂರ್ತಿಯ ಜೊತೆಗೆ ಆತನಿಗೆ ಕಲ್ಲೆಸೆದ ಕ್ರೂರಿಗಳ ಮೂರ್ತಿಗಳಿಗೂ ಅಲಂಕಾರ ಮಾಡುತ್ತಿದ್ದರು. ಬಡ ಹೆಂಗಸರು ಆ ಕ್ರೂರಿಗಳನ್ನು ಸಂತನ ಜೊತೆಗಾರರೆಂದೇ ತಿಳಿದು ಒಬ್ಬೊಬ್ಬನಿಗೂ ಮೇಣದಬತ್ತಿ ಹಚ್ಚುತ್ತಿದ್ದರು. ಸಂತ ಮಿಕಾಯೇಲನ ಕಾಲಡಿಯ ಸೈತಾನನಿಗೂ ಒಂದು ಬತ್ತಿ ಸಲ್ಲುತ್ತಿತ್ತು.

ಕಾಲ್ವಿನನು ಇದನ್ನು ಅಜ್ಞಾನದ ನಿದರ್ಶನವೆಂದು ಕೊಡುತ್ತಾನೆ. ಇರಬಹುದು. ಆದರೆ ಹೆಂಗಸರು ತಪ್ಪು ತಿಳಿದರೆಂಬುದು ಆತನ ವ್ಯಾಖ್ಯಾನ. ಅವರನ್ನು ಆತನು ಕೇಳಿರಲಿಲ್ಲ. ಕೊಂದವರಿಗೂ ಒಂದು ಬೆಳಕು ಇರಲಿ ಎಂದೋ, ಕೆಡುಕನ್ನು ತಣಿಸಬೇಕೆಂದೋ, ಅಲಂಕಾರಗೊಂಡ ಮೂರ್ತಿಗೆ ಬರಿಗೈಯಲ್ಲಿ ನಿಲ್ಲಬಾರದೆಂದೋ ಅವರು ಹಚ್ಚಿರಬಹುದು. ಈ ಸಾಧ್ಯತೆಗಳಲ್ಲಿ ಯಾವುದನ್ನು ಆರಿಸಲೂ ಪಠ್ಯ ನಮಗೆ ಅನುಮತಿ ನೀಡುವುದಿಲ್ಲ. ನೋಟವನ್ನು ಕೊಟ್ಟವನಿಗೆ ಕೃತಜ್ಞರಾಗಿದ್ದು ಆತನ ವ್ಯಾಖ್ಯಾನವನ್ನು ಬೇರ್ಪಡಿಸುವುದಷ್ಟೇ ಸಾಧ್ಯ.

ಲೂಥರನ ಬರಹಗಳಲ್ಲಿ ಈ ನೋಟ ಇನ್ನೂ ಸಮೃದ್ಧ. 1518ರಲ್ಲಿ ಅಚ್ಚಾದ ದಶಾಜ್ಞೆಗಳ ಮೇಲಿನ ಪ್ರವಚನಗಳಲ್ಲಿ ಜನರ ನಂಬಿಕೆಗಳ ಉದ್ದನೆಯ ನಿರೂಪಣೆಯೇ ಇದೆ. 1529ರ ‘ಬೃಹತ್ ಧರ್ಮೋಪದೇಶ’ದಲ್ಲಿ ಮೊದಲನೆಯ ಆಜ್ಞೆಯನ್ನು ವಿವರಿಸುವಾಗ, ಹಲ್ಲುನೋವಿಗೆ ಸಂತ ಅಪೊಲೋನಿಯ, ಬೆಂಕಿಯ ಭಯಕ್ಕೆ ಸಂತ ಲಾರೆನ್ಸ್, ಪ್ಲೇಗಿಗೆ ಸಂತ ಸೆಬಾಸ್ಟಿಯನ್ ಅಥವಾ ರಾಕ್ ಎಂದು ಹಂಚಿಕೊಂಡಿದ್ದ ಕಾಲವನ್ನು ಆತನು ಗೇಲಿಮಾಡುತ್ತಾನೆ. ಆ ಕಾಲ ಮುಗಿಯಲಿಲ್ಲ. ಲೂಥರನ ಭಾವಚಿತ್ರಗಳು ಬೆಂಕಿಯಲ್ಲಿ ಸುಡಲಿಲ್ಲವೆಂಬ ಐತಿಹ್ಯಗಳು ಹದಿನೇಳನೆಯ ಶತಮಾನದ ಜರ್ಮನಿಯಲ್ಲಿ ಹಬ್ಬಿದವು. ಆತನ ಸಂಬಂಧವಿದ್ದ ಮರಮುಟ್ಟಿನಿಂದ ಚಕ್ಕೆಗಳನ್ನು ಕಿತ್ತು ಜನ ಹಲ್ಲುನೋವಿಗೆ ಮದ್ದಾಗಿ ಬಳಸಿದರು. ರಾಬರ್ಟ್ ಸ್ಕ್ರಿಬ್ನರ್ ಅವರು 1986ರ ಪ್ರಬಂಧವೊಂದರಲ್ಲಿ ಈ ಸಾಮಗ್ರಿಯನ್ನು ಒಟ್ಟುಗೂಡಿಸಿದ್ದಾರೆ. ಅಪೊಲೋನಿಯಳ ಕೆಲಸ ಲೂಥರನ ಪಾಲಿಗೆ ಬಂದಿತು.

ಈ ಓದಿನ ಕ್ರಮಕ್ಕೂ ಕರ್ನಾಟಕದ ಜಾನಪದಕ್ಕೂ ನೇರವಾದ ಕೊಂಡಿಯೊಂದಿದೆ. ಪಿತೃಗಳ ಗ್ರಂಥಗಳು ಅಚ್ಚಾದ, 1529ರಲ್ಲಿ ಚರ್ಚುಗಳ ಮೂರ್ತಿಗಳನ್ನು ಒಡೆದ ಬಾಸೆಲ್ ನಗರದಲ್ಲಿಯೇ 1815ರಲ್ಲಿ ಬಾಸೆಲ್ ಮಿಶನ್ ಸ್ಥಾಪನೆಯಾಯಿತು. 1834ರಲ್ಲಿ ಅದು ಮಂಗಳೂರಿಗೆ ಬಂದಿತು. ಮೋಗ್ಲಿಂಗ್, ಕಿಟ್ಟೆಲ್ ಮೊದಲಾದವರು ಲೂಥರನ್ ಹಾಗೂ ಕಾಲ್ವಿನ್ ಪರಂಪರೆಗಳೆರಡರ ಉತ್ತರಾಧಿಕಾರವುಳ್ಳ ಸಂಸ್ಥೆಯಿಂದ ಬಂದವರು. ತುಳುನಾಡಿನ ಭೂತಾರಾಧನೆಯನ್ನು ಅವರೂ ಅವರ ಸಮಕಾಲೀನ ಅಧಿಕಾರಿಗಳೂ ‘ಡೆವಿಲ್’ ಪೂಜೆ ಎಂದು ಕರೆದರು. ಎ.ಸಿ. ಬರ್ನೆಲ್ ಅವರು ಸಂಗ್ರಹಿಸಿದ್ದ ಸಾಮಗ್ರಿ ಅವರ ನಿಧನಾನಂತರ 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟವಾದದ್ದು ಇದೇ ಶೀರ್ಷಿಕೆಯಲ್ಲಿ. ವಸಾಹತು ಕಾಲದ ತಾತ್ಸಾರವೆಂದು ನಮ್ಮ ವಿದ್ವಾಂಸರು ಇದನ್ನು ಟೀಕಿಸಿದ್ದಾರೆ. ಟೀಕೆ ಸರಿಯಾದುದೇ. ಆದರೆ ಪದದ ಚರಿತ್ರೆ ವಸಾಹತಿಗಿಂತ ಹಳೆಯದು.

ಗ್ರೀಕರ ‘ದೈಮೋನ್’ ಪ್ಲೇಟೋನ ‘ಸಿಂಪೋಸಿಯಂ’ನಲ್ಲಿ ದೇವರಿಗೂ ಮನುಷ್ಯರಿಗೂ ನಡುವೆ ಓಡಾಡುವ ಮಧ್ಯವರ್ತಿ. ಹೀಬ್ರೂ ಕೀರ್ತನೆಗಳ ಗ್ರೀಕ್ ಅನುವಾದದಲ್ಲಿ ಅನ್ಯಜನಾಂಗಗಳ ದೇವರುಗಳಿಗೆಲ್ಲ ಈ ಪದ ಅಂಟಿಕೊಂಡಿತು. ಎರಡನೆಯ ಶತಮಾನದ ಜಸ್ಟಿನನು ತನ್ನ ಸಮರ್ಥನಾ ಗ್ರಂಥದಲ್ಲಿ ಅದನ್ನು ವಾದವನ್ನಾಗಿ ಬೆಳೆಸಿದನು. ‘ದೇವನಗರಿ’ಯ ಎಂಟು ಮತ್ತು ಒಂಬತ್ತನೆಯ ಭಾಗಗಳಲ್ಲಿ ಅಗಸ್ಟೀನನು ಉತ್ತರ ಆಫ್ರಿಕದವನೇ ಆದ ಅಪುಲಿಯಸನೊಡನೆ ಇದೇ ಪದಕ್ಕಾಗಿ ಸೆಣಸುತ್ತಾನೆ. ದೈಮೋನ್ ಮಧ್ಯವರ್ತಿ, ಜನರ ಕೋರಿಕೆಯನ್ನು ಮೇಲಕ್ಕೂ ದೇವರ ನೆರವನ್ನು ಕೆಳಕ್ಕೂ ಒಯ್ಯುವವನು ಎಂಬುದು ಅಪುಲಿಯಸನ ಪಕ್ಷ. ಅಂಥ ಒಳ್ಳೆಯ ದೈಮೋನ್ ಇಲ್ಲವೆಂಬುದು ಅಗಸ್ಟೀನನ ಪಕ್ಷ. ಭೂಮಿಗೆ, ಮನೆತನಕ್ಕೆ, ನ್ಯಾಯತೀರ್ಮಾನಕ್ಕೆ ಸಂಬಂಧಪಟ್ಟ, ಊರಿನವರ ದೂರನ್ನು ಕೇಳಿ ನುಡಿಕೊಡುವ ತುಳುವರ ದೈವವು ಅಪುಲಿಯಸನ ವಿವರಣೆಗೆ ಎಷ್ಟು ಹತ್ತಿರ ಬರುತ್ತದೆಂಬುದನ್ನು ಬಲ್ಲವರು ಊಹಿಸಬಹುದು. ಮಂಗಳೂರಿನಲ್ಲಿ ‘ಭೂತ’ಕ್ಕೆ ಯುರೋಪಿನ ಪದವನ್ನು ಹುಡುಕಿದಾಗ ಆ ಹಳೆಯ ವಾದದಲ್ಲಿ ಗೆದ್ದ ಅರ್ಥವೇ ಕೈಗೆ ಸಿಕ್ಕಿತು, ಸೋತ ಅರ್ಥ ಸಿಕ್ಕಿದ್ದರೆ ಅನುವಾದ ಬೇರೆಯಾಗುತ್ತಿತ್ತು.

ಅದೇ ಬಾಸೆಲ್ ಮಿಶನ್ನಿನ ಎ. ಮ್ಯಾನರ್ ಅವರು 1886ರಲ್ಲಿ ‘ಪಾಡ್ದನೊಳು’ ಎಂಬ ಹೆಸರಿನಿಂದ ತುಳು ಪಾಡ್ದನಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚುಹಾಕಿಸಿದರು. ಇದನ್ನು ಮಿಶನರಿಯ ಔದಾರ್ಯವೆಂದು ಹೊಗಳುವವರೂ ಮತಾಂತರದ ಸಾಧನವೆಂದು ತಳ್ಳಿಹಾಕುವವರೂ ನಮ್ಮಲ್ಲಿದ್ದಾರೆ. ಲಿಬೆಲ್ಲಿಗಳನ್ನು ಬರೆಯಿಸಿದ ಹಿಪ್ಪೊದ ಬಿಷಪ್ಪನ ಬಳಿ, ನ್ವಾಯೋನಿನ ಮೇಣದಬತ್ತಿಗಳನ್ನು ಮರೆಯಲಾರದ ಜಿನೀವಾದ ಸುಧಾರಕನ ಬಳಿ ಈ ಸಂಗ್ರಹವನ್ನು ಇಟ್ಟು ಓದುವ ಕೆಲಸ ಇನ್ನೂ ಆಗಬೇಕಾಗಿದೆ. ಅದಕ್ಕೆ ತುಳು, ಕನ್ನಡಗಳ ಜೊತೆಗೆ ಜರ್ಮನ್ ಬಲ್ಲವರು ಬೇಕು. ಅಗಸ್ಟೀನನ 29ನೆಯ ಪತ್ರವನ್ನು ಲ್ಯಾಟಿನ್ನಿನಿಂದಲೇ ಕನ್ನಡಕ್ಕೆ ತರಬಲ್ಲವರೂ ಬೇಕು.